ಒಂದು ಬಕೀಟು ಬಿಸಿನೀರಿಗೆ ಎಷ್ಟು ರೂಪಾಯಿ?

ಜನವರಿ ತಿಂಗಳ ಕರೆಂಟ್ ಬಿಲ್ ನಮ್ಮ ಮನೆಯಲ್ಲಿ ಸಣ್ಣ ಜಗಳವೊಂದನ್ನು ಹಚ್ಚಿತು. ಈ ಬಾಡಿಗೆ ಮನೆಗೆ ಬಂದಾಗಿನಿಂದ ಬಿಲ್ಲಿನ ಕೊನೆಯ ಸಾಲಿನಲ್ಲಿ ಸೊನ್ನೆ ನೋಡಿ ರೂಢಿಯಾಗಿತ್ತು. ಈ ಸಲ ಅಲ್ಲಿ ಮುನ್ನೂರ ಚಿಲ್ಲರೆ ರೂಪಾಯಿ ಇತ್ತು. ಅಬ್ಬಾ ಬಿಲ್ಲನ್ನು ಎರಡು ಸಲ ತಿರುಗಿಸಿ ನೋಡಿ, ‘ಇದು ಆ ರಾಡಿನ ಕೆಲಸ. ನಾಳೆಯಿಂದ ಜಳಕದ ನೀರು ಗ್ಯಾಸಿನ ಮೇಲೆ ಕಾಸಿರಿ’ ಎಂದರು. ಅಮ್ಮಿ ಸುಮ್ಮನಿರಲಿಲ್ಲ. ‘ಗ್ಯಾಸ್ ಏನು ಪುಕ್ಕಟೆ ಬರ್ತದೇನು? ಎರಡು ತಿಂಗಳು ಬರೋ ಸಿಲಿಂಡರ್ ಒಂದೇ ತಿಂಗಳಿಗೆ ಮುಗೀತದ’ ಎಂದರು. ದಾದಿ ಮೂಲೆಯಿಂದಲೇ, ‘ಹಂಡೆ ಇದ್ದಾಗ ಈ ಎರಡೂ ತಕರಾರು ಇರಲಿಲ್ಲ’ ಎಂದು ತಮ್ಮ ಮಾತು ಸೇರಿಸಿದರು.

ಮೂವರೂ ತಮ್ಮ ಮಾತೇ ಖರೆ ಎನ್ನುತ್ತಿದ್ದರು. ಲೆಕ್ಕ ಮಾತ್ರ ಯಾರ ಹತ್ತಿರವೂ ಇರಲಿಲ್ಲ. ದ್ವಿತೀಯ ಪಿಯುಸಿಯಲ್ಲಿ ವಿಜ್ಞಾನ ಓದುವ ಮಗಳು ಮನೆಯಲ್ಲಿದ್ದೂ ಲೆಕ್ಕ ಇಲ್ಲವೆಂದರೆ ನಾಚಿಕೆ. ಮರುದಿನ ಕಾಲೇಜಿನಲ್ಲಿ ಈ ವಿಷಯ ತೆಗೆದೆ. ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಕಡೆಯ ಮೂವರು ಗೆಳತಿಯರು ‘ನಮ್ಮನೆಯಲ್ಲೂ ಇದೇ ಗದ್ದಲ’ ಎಂದರು. ಭೌತಶಾಸ್ತ್ರದ ಸರ್ ಉತ್ತರ ಹೇಳಲಿಲ್ಲ. ‘ಅಳೆದು ನೋಡಿ, ಆಮೇಲೆ ಬನ್ನಿ’ ಎಂದರು. ಅಳೆದು ನೋಡಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ನೀರಿನ ಪಾಲಿನ ಲೆಕ್ಕ. ಒಂದು ಕಿಲೋ ನೀರನ್ನು, ಅಂದರೆ ಒಂದು ಲೀಟರ್ ನೀರನ್ನು, ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4.2 ಕಿಲೋಜೂಲ್ ಶಾಖ ಬೇಕು. ಒಲೆ ಯಾವುದೇ ಇರಲಿ, ಈ ಸಂಖ್ಯೆ ಬದಲಾಗುವುದಿಲ್ಲ. ನಮ್ಮ ನಲ್ಲಿಯ ನೀರು ಆ ದಿನ 26 ಡಿಗ್ರಿ ಇತ್ತು. ಪುಸ್ತಕದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಕೊಪ್ಪಳ ಸಮುದ್ರಮಟ್ಟದಿಂದ ಐನೂರು ಮೀಟರಿಗಿಂತ ತುಸು ಎತ್ತರದಲ್ಲಿರುವುದರಿಂದ ಇಲ್ಲಿ 98ರ ಆಸುಪಾಸಿನಲ್ಲೇ ಕುದಿ ಬರುತ್ತದೆ. ಹೀಗಾಗಿ ಏರಬೇಕಾದದ್ದು 72 ಡಿಗ್ರಿ. 72ನ್ನು 4.2ರಿಂದ ಗುಣಿಸಿದರೆ ಲೀಟರಿಗೆ ಸುಮಾರು 302 ಕಿಲೋಜೂಲ್. ಕರೆಂಟಿನ ಒಂದು ಯೂನಿಟ್ ಎಂದರೆ 3600 ಕಿಲೋಜೂಲ್. ಆದ್ದರಿಂದ ಒಂದು ಲೀಟರ್ ನೀರು ಕುದಿಯಲು ಕಡಿಮೆ ಎಂದರೂ 0.084 ಯೂನಿಟ್ ಬೇಕು. ಇದಕ್ಕಿಂತ ಕಡಿಮೆಯಲ್ಲಿ ಕುದಿಸುತ್ತೇನೆ ಎಂದು ಯಾವ ಕಂಪನಿ ಜಾಹೀರಾತು ಕೊಟ್ಟರೂ ನಂಬಬೇಡಿ.

ಒಲೆಗಳ ನಡುವಿನ ವ್ಯತ್ಯಾಸ ಇರುವುದು ನೀರಿಗೆ ಸೇರದೆ ಗಾಳಿಗೆ, ಪಾತ್ರೆಗೆ, ಗೋಡೆಗೆ ಹೋಗುವ ಶಾಖದಲ್ಲಿ. ಅದನ್ನು ತಿಳಿಯಲು ಅಳೆಯಲೇಬೇಕು.

ಮೀಟರಿನ ಕೆಂಪು ದೀಪ

ಕರೆಂಟ್ ಅಳೆಯುವುದು ನಾವು ಅಂದುಕೊಂಡದ್ದಕ್ಕಿಂತ ಸುಲಭ. ಮನೆಯ ಮೀಟರಿನಲ್ಲಿ ಮಿಣುಕುವ ಒಂದು ಸಣ್ಣ ಕೆಂಪು ದೀಪ ಇರುತ್ತದೆ. ಅದರ ಹತ್ತಿರ 1600 ಅಥವಾ 3200 ಎಂಬಂಥ ಒಂದು ಸಂಖ್ಯೆ ಅಚ್ಚಾಗಿರುತ್ತದೆ. ಅಷ್ಟು ಸಲ ಮಿಣುಕಿದರೆ ಒಂದು ಯೂನಿಟ್ ಎಂದರ್ಥ. ನಮ್ಮ ಮೀಟರಿನದು 3200. ಫ್ಯಾನ್, ಫ್ರಿಜ್, ದೀಪ ಎಲ್ಲ ಬಂದ್ ಮಾಡಿ, ಕೆಟಲಿಗೆ ಸರಿಯಾಗಿ ಒಂದು ಲೀಟರ್ ನೀರು ಹಾಕಿದೆವು. ತಮ್ಮ ಒಳಗೆ ಸ್ವಿಚ್ ಒತ್ತಿದ, ನಾನು ಬಾಗಿಲ ಹೊರಗೆ ನಿಂತು ಎಣಿಸಿದೆ. ಮೊದಲ ಸಲ ಓಣಿಯವರೊಬ್ಬರು ‘ಏನ್ ಎಣಸಾಕತ್ತೀಯವಾ?’ ಎಂದು ಕೇಳಿದ್ದರಿಂದ ಲೆಕ್ಕ ತಪ್ಪಿತು. ಎರಡನೆಯ ಸಲ ಫೋನಿನಲ್ಲಿ ವಿಡಿಯೋ ಮಾಡಿಕೊಂಡು ಕುಳಿತು ಎಣಿಸಿದೆ. ಕೆಟಲ್ ತಾನಾಗಿಯೇ ಆರುವವರೆಗೆ 336 ಮಿಣುಕು. 336ನ್ನು 3200ರಿಂದ ಭಾಗಿಸಿದರೆ 0.105 ಯೂನಿಟ್.

ನೀರಿಗೆ ಬೇಕಾದದ್ದು 0.084, ಮೀಟರ್ ಕೊಟ್ಟದ್ದು 0.105. ನೂರರಲ್ಲಿ ಎಂಬತ್ತು ಪಾಲು ನೀರಿಗೆ ಸೇರಿತು. ಉಳಿದ ಇಪ್ಪತ್ತು ಕೆಟಲಿನ ಮೈ ಕಾಯಿಸಲು, ಆವಿಗೆ, ಮತ್ತು ಕುದಿ ಬಂದ ಮೇಲೂ ಆರುವ ತನಕ ಕೆಟಲ್ ತೆಗೆದುಕೊಳ್ಳುವ ಕೆಲವು ಸೆಕೆಂಡುಗಳಿಗೆ ಹೋಯಿತು.

ಗ್ಯಾಸ್ ಅಳೆಯುವುದು ಕಷ್ಟ, ಅದಕ್ಕೆ ಮೀಟರಿಲ್ಲ. ಗಂಗಾವತಿಯ ಗೆಳತಿಯ ಮಾಮಾ ಅವರದು ಕಿರಾಣಿ ಅಂಗಡಿ. ಅಲ್ಲಿನ ಎಲೆಕ್ಟ್ರಾನಿಕ್ ತಕ್ಕಡಿಯನ್ನೇ ಕೇಳಿಕೊಂಡೆವು. ಅದು ಹತ್ತು ಗ್ರಾಂ ಹೆಜ್ಜೆಯಲ್ಲಿ ತೂಕ ತೋರಿಸುತ್ತದೆ, ಹೀಗಾಗಿ ಒಂದು ಲೀಟರ್ ಕುದಿಸಿ ನೋಡಿದರೆ ಏನೂ ತಿಳಿಯದು. ಐದು ಕಿಲೋದ ಸಣ್ಣ ಸಿಲಿಂಡರನ್ನು ವಾಲ್ವ್ ಬಂದ್ ಮಾಡಿ, ರೆಗ್ಯುಲೇಟರ್ ತೆಗೆದು ತೂಗಿದೆವು. ಆಮೇಲೆ ಮುಚ್ಚಳ ಹಾಕಿದ ಅಗಲವಾದ ಪಾತೇಲಿಯಲ್ಲಿ ಐದು ಲೀಟರ್ ನೀರು ಕುದಿಸಿ, ಮತ್ತೆ ಬಂದ್ ಮಾಡಿ ತೂಗಿದೆವು. ಕಡಿಮೆಯಾದದ್ದು 60 ಗ್ರಾಂ. ಅದೇ ಪಾತೇಲಿ, ಅದೇ ಐದು ಲೀಟರ್, ಮುಚ್ಚಳ ಇಲ್ಲದೆ: 70 ಗ್ರಾಂ. ದೊಡ್ಡವರು ಜೊತೆಗಿದ್ದಾಗ ಮಾತ್ರ ಮಾಡುವ ಕೆಲಸವಿದು, ಒಬ್ಬರೇ ಸಿಲಿಂಡರ್ ಬಿಚ್ಚಲು ಹೋಗಬೇಡಿ.

ಒಂದು ಗ್ರಾಂ ಅಡುಗೆ ಅನಿಲ ಉರಿದರೆ ಸುಮಾರು 46 ಕಿಲೋಜೂಲ್ ಶಾಖ. 60 ಗ್ರಾಮಿಗೆ 2760. ಐದು ಲೀಟರ್ ನೀರಿಗೆ ಸೇರಿದ್ದು ಸುಮಾರು 1512. ಅಂದರೆ ನೂರರಲ್ಲಿ 55. ಮುಚ್ಚಳ ತೆಗೆದಾಗ 47ಕ್ಕೆ ಇಳಿಯಿತು. ಉಳಿದದ್ದೆಲ್ಲ ಪಾತೇಲಿಯ ಪಕ್ಕದಿಂದ ಮೇಲಕ್ಕೆ ಹೋದ ಬಿಸಿ ಗಾಳಿ. ಬೇಸಿಗೆಯಲ್ಲಿ ಅಡುಗೆಮನೆ ಏಕೆ ಕುಲುಮೆಯಾಗುತ್ತದೆ ಎನ್ನುವುದಕ್ಕೆ ಉತ್ತರ ಇಲ್ಲೇ ಇದೆ. ಭಾರತೀಯ ಮಾನಕ ಬ್ಯೂರೋ ಗ್ಯಾಸ್ ಒಲೆಗೆ ಕನಿಷ್ಠ 68 ಪ್ರತಿಶತ ದಕ್ಷತೆ ಇರಬೇಕು ಎನ್ನುತ್ತದೆ. ಅದು ಪ್ರಯೋಗಾಲಯದಲ್ಲಿ, ನಿಗದಿತ ಪಾತ್ರೆಯಲ್ಲಿ, ಹೊಸ ಬರ್ನರಿನಲ್ಲಿ ಸಿಗುವ ಸಂಖ್ಯೆ. ನಮ್ಮ ಬರ್ನರಿನ ಅರ್ಧ ತೂತುಗಳನ್ನು ಉಕ್ಕಿದ ಹಾಲು ಮುಚ್ಚಿತ್ತು.

ಈಗ ದುಡ್ಡಿನ ಮಾತು

ಗೃಹ ಬಳಕೆಯ ಕರೆಂಟಿನ ದರವನ್ನು 2025ರ ಏಪ್ರಿಲ್‌ನಿಂದ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ ಎಂದು ನಿಗದಿ ಮಾಡಿದ್ದರು. ಅದರ ಮೇಲೆ ಸರ್‌ಚಾರ್ಜ್, 9 ಪ್ರತಿಶತ ತೆರಿಗೆ, ಇಂಧನ ಹೊಂದಾಣಿಕೆ ಎಂದು ಸೇರುತ್ತವೆ. ಲೆಕ್ಕಕ್ಕೆ ಸುಲಭವಾಗಲಿ ಎಂದು 7 ರೂಪಾಯಿ ಹಿಡಿಯೋಣ. 14.2 ಕಿಲೋ ಸಿಲಿಂಡರಿಗೆ, ಮನೆಗೆ ತಂದುಕೊಡುವವರ ಕೈಗೆ ಕೊಡುವುದೂ ಸೇರಿ, 900 ಹಿಡಿಯೋಣ. ನಿಮ್ಮ ಬಿಲ್ಲಿನಲ್ಲಿ ಬೇರೆ ಸಂಖ್ಯೆ ಇದ್ದರೆ ಅದನ್ನೇ ಹಾಕಿ, ದಾರಿ ಒಂದೇ. 900ನ್ನು 14,200 ಗ್ರಾಮಿನಿಂದ ಭಾಗಿಸಿದರೆ ಗ್ರಾಮಿಗೆ ಸುಮಾರು 6.3 ಪೈಸೆ.

ಕೆಟಲಿನಲ್ಲಿ ಒಂದು ಲೀಟರ್: 0.105 ಯೂನಿಟ್, ಸುಮಾರು 74 ಪೈಸೆ. ಗ್ಯಾಸಿನಲ್ಲಿ ಮುಚ್ಚಳ ಹಾಕಿ ಒಂದು ಲೀಟರ್: 12 ಗ್ರಾಂ, 76 ಪೈಸೆ. ಮುಚ್ಚಳ ಇಲ್ಲದೆ: 14 ಗ್ರಾಂ, 89 ಪೈಸೆ.

ಇದನ್ನು ನೋಡಿ ನಾಲ್ವರೂ ಸ್ವಲ್ಪ ಹೊತ್ತು ಸುಮ್ಮನಾದೆವು. ಯಾವುದಾದರೂ ಒಂದು ಅಗ್ಗ, ಇನ್ನೊಂದು ತುಟ್ಟಿ ಎಂದು ಬರುತ್ತದೆಂದು ಕಾದಿದ್ದೆವು. ಬಂದದ್ದು ಎರಡು ಪೈಸೆಯ ಅಂತರ. ನಮ್ಮ ಅಳತೆಯ ತಪ್ಪೇ ಅದಕ್ಕಿಂತ ದೊಡ್ಡದಿರಬಹುದು. ಪೂರ್ತಿ ದರ ಕೊಡುವ ಮನೆಯಲ್ಲಿ ಇವತ್ತಿನ ಬೆಲೆಗೆ ಗ್ಯಾಸೂ ಕರೆಂಟೂ ಹೆಚ್ಚುಕಡಿಮೆ ಸಮ. ಎರಡಕ್ಕಿಂತ ದೊಡ್ಡ ವ್ಯತ್ಯಾಸ ಮಾಡಿದ್ದು ಒಂದು ಮುಚ್ಚಳ.

ಆದರೆ ನಮ್ಮ ಜಿಲ್ಲೆಯಲ್ಲಿ ಪೂರ್ತಿ ದರ ಕೊಡುವ ಮನೆಗಳು ಎಷ್ಟಿವೆ? ಬಹಳಷ್ಟು ಮನೆಗಳಲ್ಲಿ ಒಂದೋ ಗೃಹಜ್ಯೋತಿ ಇದೆ, ಇಲ್ಲವೇ ಉಜ್ವಲಾ ಇದೆ, ಕೆಲವೆಡೆ ಎರಡೂ ಇವೆ. ಲೆಕ್ಕ ಅಲ್ಲಿ ಬದಲಾಗುತ್ತದೆ, ಅದೂ ಒಂದೊಂದು ಮನೆಗೆ ಒಂದೊಂದು ರೀತಿ.

ಗೃಹಜ್ಯೋತಿ ಯೋಜನೆಗೆ 2023ರ ಆಗಸ್ಟ್ 5ರಂದು ಕಲಬುರಗಿಯಲ್ಲಿ ಚಾಲನೆ ಸಿಕ್ಕಿತು. ನಮ್ಮ ಜೆಸ್ಕಾಂನ ಕೇಂದ್ರ ಕಚೇರಿ ಇರುವುದೂ ಅದೇ ಊರಿನಲ್ಲಿ. ‘200 ಯೂನಿಟ್ ಫ್ರೀ’ ಎಂದು ಎಲ್ಲರೂ ಹೇಳುತ್ತಾರೆ. ನಿಯಮ ಅಷ್ಟು ಸರಳವಲ್ಲ. 2022-23ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ಹತ್ತು ಪ್ರತಿಶತ ಸೇರಿಸಿದರೆ ಬರುವುದು ಆ ಮನೆಯ ಮಿತಿ. ತೀರಾ ಕಡಿಮೆ ಬಳಸುವವರಿಗೆ, ಅಂದರೆ ಸರಾಸರಿ 48 ಯೂನಿಟ್‌ವರೆಗಿನವರಿಗೆ, ಆಮೇಲೆ ಹತ್ತು ಪ್ರತಿಶತದ ಬದಲು ಹತ್ತು ಯೂನಿಟ್ ಕೊಟ್ಟರು. ಹಿಂದಿನ ಲೆಕ್ಕವೇ ಇಲ್ಲದ ಹೊಸ ಮನೆಗೆ 58 ಯೂನಿಟ್. ಮಿತಿ ದಾಟಿದರೆ ಹೆಚ್ಚಾದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ಲಿಗೆ ದುಡ್ಡು.

ಈಗ ಜಳಕದ ನೀರಿಗೆ ಬರೋಣ, ಜಗಳ ಶುರುವಾದದ್ದು ಅಲ್ಲಿಂದಲೇ. ಚಳಿಗಾಲದ ಬೆಳಿಗ್ಗೆ ನೀರು 22 ಡಿಗ್ರಿ ಇದೆ ಎಂದುಕೊಳ್ಳಿ. 20 ಲೀಟರಿನ ಒಂದು ಬಕೀಟನ್ನು 55 ಡಿಗ್ರಿಗೆ ತಂದರೆ, ಅದಕ್ಕೆ ಹದಿನಾರು ಹದಿನೇಳು ಲೀಟರ್ ತಣ್ಣೀರು ಬೆರೆಸಿ 40 ಡಿಗ್ರಿಯ ಹದವಾದ ನೀರು ಮಾಡಬಹುದು. ಇಬ್ಬರ ಜಳಕಕ್ಕೆ ಸಾಕು. ಬೇಕಾದ ಶಾಖ 20 ಗುಣಿಸು 33 ಗುಣಿಸು 4.2, ಅಂದರೆ ಸುಮಾರು 2772 ಕಿಲೋಜೂಲ್ ಅಥವಾ 0.77 ಯೂನಿಟ್. ರಾಡ್ ನೀರಿನೊಳಗೇ ಮುಳುಗಿರುವುದರಿಂದ ವ್ಯರ್ಥ ಕಡಿಮೆ. ತೆರೆದ ಬಕೀಟಿನಿಂದ ಹೋಗುವುದನ್ನೂ ಸೇರಿಸಿ 0.85 ಯೂನಿಟ್ ಹಿಡಿದರೆ ಬಕೀಟಿಗೆ 6 ರೂಪಾಯಿ. ಅದೇ ನೀರು ಗ್ಯಾಸಿನ ಮೇಲೆ, 55 ಪ್ರತಿಶತದ ಲೆಕ್ಕದಲ್ಲಿ, 110 ಗ್ರಾಂ ಬೇಡುತ್ತದೆ. ಸುಮಾರು 7 ರೂಪಾಯಿ.

ನಮ್ಮ ಮನೆಯಲ್ಲಿ ಬಿಸಿನೀರು ಬೇಕಾದವರು ನಾಲ್ವರು. ತಮ್ಮ ತಾನು ಪೈಲ್ವಾನ್ ಎಂದು ತಣ್ಣೀರು ಹಾಕಿಕೊಳ್ಳುತ್ತಾನೆ, ಅವನ ಹಲ್ಲು ಕಟಕಟ ಎನ್ನುವುದು ಅಡುಗೆಮನೆಗೆ ಕೇಳುತ್ತದೆ. ದಿನಕ್ಕೆ ಎರಡು ಬಕೀಟು, ತಿಂಗಳಿಗೆ ಅರವತ್ತು. ರಾಡಿನಲ್ಲಿ 51 ಯೂನಿಟ್. ಉಳಿದ ಬಳಕೆ ತಿಂಗಳಿಗೆ 50ರ ಹತ್ತಿರ. ಒಟ್ಟು 101, ನಮ್ಮ ಮಿತಿ 58. ಮೇಲಿನ 43 ಯೂನಿಟ್ಟಿಗೆ 7ರಂತೆ 301 ರೂಪಾಯಿ. ಬಿಲ್ಲಿನ ಆ ಮುನ್ನೂರ ಚಿಲ್ಲರೆ ಎಲ್ಲಿಂದ ಬಂತೆಂದು ಗೊತ್ತಾಯಿತು. ಅಬ್ಬಾ ಹೇಳಿದ್ದು ಸರಿ, ಅದು ರಾಡಿನದೇ ಕೆಲಸ.

ಆದರೆ ಅವರು ಹೇಳಿದ ಪರಿಹಾರ? ಅದೇ ಅರವತ್ತು ಬಕೀಟನ್ನು ಗ್ಯಾಸಿನ ಮೇಲೆ ಕಾಸಿದರೆ 6.6 ಕಿಲೋ, ಸಿಲಿಂಡರಿನ ಅರ್ಧಕ್ಕೆ ಹತ್ತಿರ, 415 ರೂಪಾಯಿಗೂ ಮೇಲೆ. ಎರಡು ತಿಂಗಳು ಬರುವ ನಮ್ಮ ಸಿಲಿಂಡರ್ ನಿಜಕ್ಕೂ ಒಂದೇ ತಿಂಗಳಿಗೆ ಬರಿದಾಗುತ್ತಿತ್ತು. ಅಮ್ಮಿ ಲೆಕ್ಕ ಹಾಕದೆಯೇ ಸರಿಯಾಗಿ ಹೇಳಿದ್ದರು. ಕರೆಂಟ್ ಬಿಲ್ ಕಣ್ಣಿಗೆ ಕಾಣುತ್ತದೆ, ಗ್ಯಾಸಿನ ಖರ್ಚು ಕಾಣುವುದಿಲ್ಲ. ಸಿಲಿಂಡರ್ ಹತ್ತು ದಿನ ಮುಂಚೆ ಮುಗಿದರೆ ‘ಈ ಸಲ ಬೇಗ ಮುಗೀತು’ ಎಂದು ಸುಮ್ಮನಾಗುತ್ತೇವೆ.

ಯಲಬುರ್ಗಾದ ಗೆಳತಿಯ ಮನೆಯಲ್ಲಿ ಇದು ತಲೆಕೆಳಗು. ಅವರದು ಉಜ್ವಲಾ ಸಂಪರ್ಕ. ಸಿಲಿಂಡರಿಗೆ 300 ರೂಪಾಯಿ ಸಹಾಯಧನ ಖಾತೆಗೆ ಬರುತ್ತದೆ. 600ರ ಲೆಕ್ಕದಲ್ಲಿ ಅವರ ಬಕೀಟು ಗ್ಯಾಸಿನಲ್ಲಿ 4 ರೂಪಾಯಿ 60 ಪೈಸೆ. ಅವರ ಗೃಹಜ್ಯೋತಿ ಮಿತಿ ಟಿವಿ, ಫ್ಯಾನು, ದೀಪಕ್ಕೇ ಮುಗಿಯುತ್ತದೆ, ಹೀಗಾಗಿ ರಾಡಿನ ಬಕೀಟಿಗೆ ಪೂರ್ತಿ 6. ಅಲ್ಲಿ ಗ್ಯಾಸೇ ಅಗ್ಗ. ಆದರೆ ಸಹಾಯಧನ ಸಿಗುವ ಸಿಲಿಂಡರುಗಳಿಗೂ ವರ್ಷಕ್ಕೆ ಇಷ್ಟೇ ಎಂಬ ಮಿತಿ ಇದೆ. ಮೇಲಾಗಿ ಮೊದಲು 900 ಕೈಯಿಂದ ಕೊಡಬೇಕು, 300 ಆಮೇಲೆ ಬರುತ್ತದೆ. ಕೂಲಿ ಸಿಗದ ವಾರದಲ್ಲಿ 900 ಒಟ್ಟಿಗೆ ತೆಗೆಯುವುದೇ ದೊಡ್ಡ ಮಾತು ಎಂದು ಅವಳು ಹೇಳಿದಳು. ನಮ್ಮ ಪೈಸೆ ಲೆಕ್ಕದಲ್ಲಿ ಈ ಮಾತಿಗೆ ಜಾಗ ಇರಲಿಲ್ಲ.

ಗಂಗಾವತಿಯ ಮನೆ ಇನ್ನೊಂದು ತರಹ. ಮೊದಲು ಅವಿಭಕ್ತ ಕುಟುಂಬವಿತ್ತು, 2022-23ರ ಸರಾಸರಿ 120 ಇತ್ತು, ಮಿತಿ 132. ಈಗ ಚಾಚಾ ಅವರ ಕುಟುಂಬ ಬೇರೆಯಾಗಿ ಬಳಕೆ 90ಕ್ಕೆ ಇಳಿದಿದೆ. ಅಂದರೆ ಪ್ರತಿ ತಿಂಗಳು 42 ಯೂನಿಟ್, ಸುಮಾರು ಐವತ್ತು ಬಕೀಟು ಬಿಸಿನೀರು, ಒಂದು ಪೈಸೆ ಖರ್ಚಿಲ್ಲದೆ ಸಿಗುತ್ತದೆ. ಅವರು ಇಷ್ಟು ದಿನ ಕರೆಂಟಿಗೆ ಹೆದರಿ ಗ್ಯಾಸಿನಲ್ಲೇ ಕಾಸುತ್ತಿದ್ದರು!

ಎಲ್ಲಕ್ಕಿಂತ ಎಚ್ಚರಿಕೆ ಬೇಕಾದದ್ದು 200ರ ಅಂಚಿನಲ್ಲಿರುವ ಮನೆಗೆ. ಒಂದು ಮನೆಯ ಮಿತಿ 200, ತಿಂಗಳ ಕೊನೆಯ ವಾರದಲ್ಲಿ 196 ಆಗಿದೆ ಎನ್ನಿ. ಆರು ಬಕೀಟು ನೀರು ಕಾಸಿದರೆ 201. ಆಗ ಐದು ಯೂನಿಟ್ಟಿಗಲ್ಲ, 201 ಯೂನಿಟ್ಟಿಗೂ ದುಡ್ಡು ಕಟ್ಟಬೇಕು. ಮೇಲೆ ನಿಗದಿತ ಶುಲ್ಕ, 2025-26ರಲ್ಲಿ ಅದು ಕಿಲೋವ್ಯಾಟಿಗೆ 145 ರೂಪಾಯಿ ಇತ್ತು. ಬಿಲ್ ಒಂದೂವರೆ ಸಾವಿರ ದಾಟುತ್ತದೆ. ಆ ಕೊನೆಯ ಬಕೀಟಿನಷ್ಟು ತುಟ್ಟಿಯಾದ ನೀರು ಕೊಪ್ಪಳ ಜಿಲ್ಲೆಯಲ್ಲಿ ಎಲ್ಲೂ ಸಿಗಲಿಕ್ಕಿಲ್ಲ. ಮೀಟರ್ ಓದಲು ಬರುವವರು ಬರುವ ತಾರೀಖು ನೆನಪಿಟ್ಟು, ಒಂದು ವಾರ ಮುಂಚೆ ಮೀಟರ್ ನೋಡಿಕೊಂಡರೆ ಇದನ್ನು ತಪ್ಪಿಸಬಹುದು.

ವೋಲ್ಟೇಜ್, ಫ್ಲೋರೈಡ್ ಮತ್ತು ಹಂಡೆ

ಲೆಕ್ಕ ಮಾಡುವಾಗ ಹೊರಬಂದ ಬೇರೆ ಕೆಲವು ಸಂಗತಿಗಳನ್ನೂ ಹೇಳಬೇಕು.

‘ನಮ್ಮ ಊರಲ್ಲಿ ವೋಲ್ಟೇಜ್ ಕಡಿಮೆ, ರಾಡ್ ಒಂದು ತಾಸು ಹಚ್ಚಬೇಕು, ಅದಕ್ಕೆ ಬಿಲ್ ಜಾಸ್ತಿ’ ಎಂಬ ಮಾತು ಹಳ್ಳಿಯಿಂದ ಬರುವ ಎಲ್ಲರ ಬಾಯಲ್ಲೂ ಇದೆ. ಹೊತ್ತು ಜಾಸ್ತಿ ಹಿಡಿಯುವುದು ನಿಜ. ರಾಡಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. 230 ವೋಲ್ಟಿಗೆ 1500 ವ್ಯಾಟ್ ಕೊಡುವ ರಾಡ್ 180 ವೋಲ್ಟಿಗೆ ಸುಮಾರು 920 ವ್ಯಾಟ್ ಮಾತ್ರ ಕೊಡುತ್ತದೆ. ಅರ್ಧ ಗಂಟೆಯ ಸುಮಾರಿನಲ್ಲಿ ಆಗುವ ಕೆಲಸಕ್ಕೆ ಮುಕ್ಕಾಲು ಗಂಟೆಗಿಂತ ಹೆಚ್ಚು ಬೇಕು. ಆದರೆ ಅಷ್ಟು ಹೊತ್ತು ಮೀಟರ್ ಸಹ ನಿಧಾನವಾಗಿಯೇ ಮಿಣುಕುತ್ತದೆ. ನೀರು ತಡವಾಗಿ ಕಾಯುವುದರಿಂದ ಗಾಳಿಗೆ ಹೋಗುವ ಶಾಖ ತುಸು ಹೆಚ್ಚಾಗಬಹುದು ಅಷ್ಟೆ. ಬಕೀಟಿನ ಮೇಲೆ ಒಂದು ಹಲಗೆ ಅಡ್ಡ ಇಟ್ಟರೆ ಅದೂ ಕಡಿಮೆ.

ಕುಷ್ಟಗಿಯ ಗೆಳತಿ ಎತ್ತಿದ ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿತು. ಕುಷ್ಟಗಿ, ಯಲಬುರ್ಗಾ ಕಡೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಶುದ್ಧ ನೀರಿನ ಘಟಕ ಕೆಟ್ಟು ನಿಂತ ದಿನ ಅವಳ ಅಜ್ಜಿ ಬೋರಿನ ನೀರನ್ನೇ ಹತ್ತು ಹದಿನೈದು ನಿಮಿಷ ಕೊತಕೊತ ಕುದಿಸಿ ಕೊಡುತ್ತಾರಂತೆ. ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ಆದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ದಟ್ಟವಾಗುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಇದ್ದ ನೀರು, ಕುದಿಯುವಾಗ ಐದರಲ್ಲಿ ಒಂದು ಪಾಲು ಆರಿದರೆ, ಸುಮಾರು 1.9ಕ್ಕೆ ಏರುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದಿದ್ದರೆ ಹೆಚ್ಚೆಂದರೆ 1.5. ಗ್ಯಾಸ್ ಸುಟ್ಟು, ಹೊತ್ತು ಕಳೆದು, ಹಲ್ಲು ಮೂಳೆಗೆ ಕೆಡುಕು ಮಾಡುವ ನೀರನ್ನು ಇನ್ನಷ್ಟು ಕೆಡಿಸಿದಂತೆ. ಅಲ್ಲಿ ಬೇಕಾದದ್ದು ಒಲೆಯಲ್ಲ, ಘಟಕದ ದುರಸ್ತಿ.

ಕ್ರಿಮಿ ಸಾಯಲಿ ಎಂದು ಕುದಿಸುವವರಿಗೂ ಹದಿನೈದು ನಿಮಿಷ ಬೇಕಿಲ್ಲ. ನೀರು ಉಕ್ಕಿ ಒಂದು ನಿಮಿಷ ಚೆನ್ನಾಗಿ ಕುದಿದರೆ ಸಾಕು. ಕುದಿ ಬಂದ ಮೇಲೆ ಕೊಡುವ ಶಾಖದಿಂದ ನೀರು ಇನ್ನೂ ಬಿಸಿಯಾಗುವುದಿಲ್ಲ, ಆವಿ ಮಾತ್ರ ಆಗುತ್ತದೆ. ಒಂದು ಲೀಟರ್ ನೀರನ್ನು ಆವಿ ಮಾಡಲು 2260 ಕಿಲೋಜೂಲ್ ಬೇಕು. ಅಂದರೆ ಒಂದು ಸಣ್ಣ ಲೋಟದಷ್ಟು, 135 ಮಿಲಿಲೀಟರ್ ನೀರು ಆರಿಸುವ ಖರ್ಚಿನಲ್ಲಿ ಮತ್ತೊಂದು ಲೀಟರ್ ನೀರು ಕುದಿಸಬಹುದು. ಚಹಾದ ಮಾತೂ ಇದೇ. ರಂಜಾನಿನಲ್ಲಿ ಸೆಹರಿಗೆ ಒಬ್ಬೊಬ್ಬರು ಎದ್ದಂತೆ ಮೂರು ಸಲ ಚಹಾ ಬಿಸಿ ಮಾಡುವ ಬದಲು ಒಮ್ಮೆ ಮಾಡಿ ಥರ್ಮಾಸಿಗೆ ತುಂಬುವುದು ಲೇಸು. ಚಳಿಯಲ್ಲಿ ಫಜರ್ ನಮಾಜಿಗೆ ವುಜೂ ಮಾಡಲು ದಾದಿಗೆ ಬಿಸಿನೀರು ಬೇಕು. ಅದಕ್ಕಾಗಿ ಇಡೀ ಬಕೀಟಿಗೆ ರಾಡ್ ಹಾಕುತ್ತಿದ್ದೆವು. ಈಗ ಕೆಟಲಿನಲ್ಲಿ ಅರ್ಧ ಲೀಟರ್ ಕಾಸಿ ತಂಬಿಗೆಯ ತಣ್ಣೀರಿಗೆ ಬೆರೆಸುತ್ತೇವೆ. ನಲವತ್ತು ಪೈಸೆಯ ಒಳಗೆ ಮುಗಿಯುತ್ತದೆ.

ದಾದಿಯ ಹಂಡೆಯನ್ನು ಮರೆತಿಲ್ಲ. ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಜಾಲಿ ಎಲ್ಲ ದುಡ್ಡಿಲ್ಲದೆ ಸಿಗುತ್ತಿದ್ದವು ಎನ್ನುವುದು ಅವರ ವಾದ. ಹಳೆಯ ಒಲೆಯಲ್ಲಿ ಉರಿದ ಕಟ್ಟಿಗೆಯ ಶಾಖದಲ್ಲಿ ನೂರಕ್ಕೆ ಹತ್ತು ಹದಿನೈದು ಪಾಲು ಮಾತ್ರ ನೀರಿಗೆ ಸೇರುತ್ತದೆ, ಒಂದು ಬಕೀಟಿಗೆ ಒಂದೂವರೆ ಕಿಲೋದಷ್ಟು ಒಣ ಕಟ್ಟಿಗೆ ಬೇಕು. ಇದನ್ನು ಸುಧಾರಿಸಲೆಂದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದವರು ಹೊಗೆ ಕಡಿಮೆ, ಕಟ್ಟಿಗೆ ಕಡಿಮೆ ಬೇಡುವ ಅಸ್ತ್ರ ಒಲೆ ಮಾಡಿದ್ದರು. ‘ಕಟ್ಟಿಗೆ ತರುತ್ತಿದ್ದವರು ಯಾರು?’ ಎಂದು ದಾದಿಯನ್ನು ಕೇಳಿದೆ. ‘ನಾನೇ, ಮತ್ಯಾರು’ ಎಂದರು. ಅವರಿಗೆ ಈಗಲೂ ಚಳಿಗಾಲದಲ್ಲಿ ಕೆಮ್ಮು ಬಿಡುವುದಿಲ್ಲ. ಅದಕ್ಕೆ ಹೊಗೆಯೇ ಕಾರಣ ಎಂದು ನಾನು ಹೇಳಲಾರೆ, ಆದರೆ ಪುಕ್ಕಟೆ ಎಂಬ ಮಾತನ್ನು ಅಷ್ಟು ಸುಲಭಕ್ಕೆ ಒಪ್ಪಲೂ ಆರೆ.

ದೇಶದ ಲೆಕ್ಕದಲ್ಲಿ ಇನ್ನೊಂದು ಮಾತಿದೆ. ರಾಯಚೂರಿನ ಶಕ್ತಿನಗರದಲ್ಲಿ, ಬಳ್ಳಾರಿಯ ಕುಡಿತಿನಿಯಲ್ಲಿ ಕಲ್ಲಿದ್ದಲು ಸುಟ್ಟು ಮಾಡುವ ಕರೆಂಟಿನಲ್ಲಿ ಕಲ್ಲಿದ್ದಲಿನ ಶಾಖದ ಮೂರರಲ್ಲಿ ಒಂದು ಪಾಲು ಮಾತ್ರ ತಂತಿಗೆ ಬರುತ್ತದೆ. ಶಾಖದಿಂದ ಕರೆಂಟು, ಕರೆಂಟಿನಿಂದ ಮತ್ತೆ ಶಾಖ, ಇದು ಸುತ್ತು ದಾರಿ. ಆ ದೃಷ್ಟಿಯಿಂದ ಗ್ಯಾಸೇ ನೇರ. ಆದರೆ ಮುನಿರಾಬಾದಿನ ವಿದ್ಯುದಾಗಾರದಲ್ಲಿ ತುಂಗಭದ್ರೆಯ ನೀರಿನಿಂದ, ಕುಷ್ಟಗಿ-ಯಲಬುರ್ಗಾ ಬಯಲಿನ ಗಾಳಿ ಗಿರಣಿಗಳಿಂದ ಬರುವ ಕರೆಂಟಿಗೆ ಈ ಮಾತು ಹೊಂದುವುದಿಲ್ಲ. ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದಿಂದ, ಬಹುಪಾಲು ಕೊಲ್ಲಿ ರಾಷ್ಟ್ರಗಳಿಂದ ಬರುತ್ತದೆ. ಸೌದಿ ಅರಾಮ್ಕೊ ತಿಂಗಳಿಗೊಮ್ಮೆ ಪ್ರಕಟಿಸುವ ದರ ನಮ್ಮ ಸಿಲಿಂಡರಿನ ಬೆಲೆಯ ಹಿಂದೆ ಇರುತ್ತದೆ. ದುಡಿಯಲು ಅಲ್ಲಿಗೆ ಹೋದ ಅಣ್ಣಂದಿರು ಇರುವ ಮನೆಗಳಿಗೆ ಈ ನಂಟು ಎರಡು ಕಡೆಯಿಂದ.

ಕೊನೆಗೆ ಜೀವದ ಮಾತು, ಇದರಲ್ಲಿ ಪೈಸೆ ನೋಡುವಂತಿಲ್ಲ. ರಾಡ್ ಹಾಕಿದ ನೀರನ್ನು ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೆಯೇ ಮುಟ್ಟಬೇಕು. ‘ಕಾದಿದೆಯಾ’ ಎಂದು ಬೆರಳು ಅದ್ದುವ ಚಟ ಬಿಡಬೇಕು. ಲೋಹದ ಬಕೀಟು ಬೇಡ. ಮೂರು ಪಿನ್ನಿನ ಪ್ಲಗ್, ಸರಿಯಾದ ಅರ್ಥಿಂಗ್ ಇಲ್ಲದ ಕಡೆ ರಾಡೇ ಬೇಡ. ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇರುವವರು ಕಿಟಕಿ ಮುಚ್ಚಿ ಜಳಕ ಮಾಡಬಾರದು, ಸಾಧ್ಯವಾದರೆ ಗೀಸರನ್ನು ಹೊರಗಡೆಯೇ ಕೂಡಿಸಬೇಕು. ಗಾಳಿ ಸಾಲದೆ ಉರಿದ ಗ್ಯಾಸಿನಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆ ತಿರುಗಿದ್ದು ತಿಳಿಯುವಷ್ಟರಲ್ಲಿ ಬಾಗಿಲು ತೆಗೆಯಲು ಕೈ ಏಳುವುದಿಲ್ಲ.

ನಮ್ಮ ಮನೆಯಲ್ಲಿ ರಾಡ್ ಅಟ್ಟ ಹತ್ತಲಿಲ್ಲ. ಎರಡು ಬಕೀಟು ನೀರು ಈಗ ಮಧ್ಯಾಹ್ನವೇ ಮಾಳಿಗೆಯ ಬಿಸಿಲಿಗೆ ಹೋಗುತ್ತವೆ. ಇದು ದಾದಿಯ ಉಪಾಯ, ಹಿಂದೆ ಅವರು ತಾಮ್ರದ ಕೊಡಗಳನ್ನು ಅಂಗಳದಲ್ಲಿ ಇಡುತ್ತಿದ್ದರಂತೆ. ಸಂಜೆ ನಾಲ್ಕಕ್ಕೆ ಥರ್ಮಾಮೀಟರ್ ಹಾಕಿದರೆ 32 ತೋರಿಸಿತು. 22ರಿಂದ 55ಕ್ಕೆ ಏರಬೇಕಾದ 33 ಡಿಗ್ರಿಯಲ್ಲಿ ಹತ್ತು ಡಿಗ್ರಿಯನ್ನು ಸೂರ್ಯನೇ ಕೊಟ್ಟ. ಅದಕ್ಕೆ ನಾನೂ ಅಮ್ಮಿಯೂ ಜಳಕವನ್ನು ಸಂಜೆಗೆ ಬದಲಿಸಿದ್ದೇವೆ. ಅಬ್ಬಾ ಬೆಳಗಿನ ಜಳಕ ಬಿಡಲು ಒಪ್ಪಿಲ್ಲ, ಆದರೆ ಮೀಟರ್ ನೋಡಲು ಕಲಿತಿದ್ದಾರೆ. ದಿನಾ ಇಶಾ ನಮಾಜು ಮುಗಿಸಿ ಬಂದು ರೀಡಿಂಗನ್ನು ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ.

ನಿಮ್ಮ ಮನೆಯ ಮೀಟರಿನ ಮೇಲಿನ ಸಂಖ್ಯೆ, ಒಂದು ಲೀಟರಿಗೆ ಎಷ್ಟು ಮಿಣುಕು, ಗೃಹಜ್ಯೋತಿ ಮಿತಿ ಎಷ್ಟು ಎಂದು ಒಂದು ಚೀಟಿಯಲ್ಲಿ ಬರೆದು ಭೌತಶಾಸ್ತ್ರ ಪ್ರಯೋಗಾಲಯದ ಬಾಗಿಲ ಪಕ್ಕದ ಡಬ್ಬಿಗೆ ಹಾಕಿ. ಹೆಸರು ಬೇಡ, ಊರು ಸಾಕು. ಮೂವತ್ತು ಚೀಟಿ ಬಂದರೆ ಮುಂದಿನ ಸಂಚಿಕೆಗೆ ಪಟ್ಟಿ ಮಾಡಿ ಕೊಡುತ್ತೇವೆ.